ಕೆಂಪು ಎಂಜಿಬಿ ಕೊಳ್ಳಲಾ, ಬೇಡವಾ? (1973ರ ರೋಡ್‌ಸ್ಟರ್, ಶನಿವಾರ ನೋಡಲು ಹೋಗಬೇಕು)

ಹೊಸಬ_ರೆಡಿಂಗ್ · ಮಾರ್ಚ್ 12

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಏಳು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಕಾಲೇಜಿನ ದಿನಗಳಿಂದ ಒಂದೇ ಹುಚ್ಚು: ಟಾಪು ಬಿಚ್ಚಿ ಓಡಿಸುವ, ಎರಡೇ ಸೀಟಿನ ಹಳೇ ಗಾಡಿ ಬೇಕು. ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಮನೆಗೆ ಗ್ಯಾರೇಜೂ ಇದೆ.

ಇಪ್ಪತ್ತು ಮೈಲಿ ದೂರದಲ್ಲಿ ಒಂದು 1973ರ ಎಂಜಿಬಿ (ಎಂಜಿ ಕಂಪನಿಯ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು) ಮಾರಾಟಕ್ಕಿದೆ. ಕೆಂಪು ಬಣ್ಣ, ಕ್ರೋಮ್ ಬಂಪರ್, ಕಡ್ಡಿ ಚಕ್ರ. 9,500 ಪೌಂಡ್ ಹೇಳುತ್ತಿದ್ದಾರೆ. ಫೋಟೋದಲ್ಲಿ ಮದುಮಗಳ ಹಾಗೆ ಹೊಳೆಯುತ್ತಿದೆ. "ಪೂರ್ತಿ ರಿಸ್ಟೋರ್ ಆಗಿದೆ, ಟೈರ್ ಹೊಸದು" ಅಂತ ಬರೆದಿದ್ದಾರೆ. ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ. ಹೆಚ್ಚೆಂದರೆ ಸ್ಟೆಪ್ನಿ ಬದಲಿಸಿದ್ದೇನೆ. ಮನೆಯವಳು "ಬಿಳಿ ಆನೆ ಕಟ್ಟಿಕೊಳ್ಳುತ್ತಿದ್ದೀರಿ" ಅನ್ನುತ್ತಾಳೆ. ಶನಿವಾರ ಹೋಗುತ್ತಿದ್ದೇನೆ. ಏನೇನು ನೋಡಲಿ?

ಯಾಕ್ರೀ_ಬೇಕು · ಮಾರ್ಚ್ 12

ದಿನಾ ಮಳೆ ಬರುವ ದೇಶದಲ್ಲಿ ಟಾಪಿಲ್ಲದ ಕಾರು. ಒಳ್ಳೇದಾಗಲಿ.

ಸ್ಪ್ಯಾನರ್_ಮಾವ · ಮಾರ್ಚ್ 12

ಹೊಸಬರೇ, ನಾನು ಲೆಸ್ಟರ್‌ನಲ್ಲಿದ್ದೇನೆ. 1971ರ ಎಂಜಿಬಿ 19 ವರ್ಷದಿಂದ ನಮ್ಮ ಮನೆಯಲ್ಲಿದೆ. ಮಗಳಿಗಿಂತ ಒಂದು ವರ್ಷ ದೊಡ್ಡದು.

ಬಣ್ಣ ನೋಡಬೇಡಿ. ಎಂಜಿನ್ ಆಮೇಲೆ ನೋಡಿ. ಮೊದಲು ಹೊಸ್ತಿಲು ನೋಡಿ. ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಹೋಗುವ ಭಾಗ ಇದೆಯಲ್ಲ, ಇಲ್ಲಿಯವರು ಸಿಲ್ ಅನ್ನುತ್ತಾರೆ. ನಾನು ಹೊಸ್ತಿಲು ಅನ್ನುತ್ತೇನೆ. ಈ ಗಾಡಿಗೆ ಜೀಪಿಗೆ ಇರುವ ಹಾಗೆ ಕೆಳಗೆ ಬೇರೆ ಚಾಸಿ ಇಲ್ಲ. ಮೇಲೆ ರೂಫೂ ಇಲ್ಲ. ಹಾಗಾದರೆ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿರುವುದು ಯಾವುದು? ಎರಡು ಕಡೆಯ ಹೊಸ್ತಿಲು, ನಡುವೆ ಗೇರ್‌ಬಾಕ್ಸಿನ ಮೇಲಿನ ಗೂಡು. ಅಷ್ಟೇ. ಹೊಸ್ತಿಲು ತುಕ್ಕು ಹಿಡಿದರೆ ಗಾಡಿ ನಡುವಿನಲ್ಲಿ ಕುಸಿಯುತ್ತದೆ.

ಹೊಸ್ತಿಲು ಒಂದು ತಗಡಲ್ಲ, ಮೂರು. ಹೊರಗಿನದು ಕಾಣುತ್ತದೆ. ಒಳಗೊಂದು ಗೋಡೆ. ಅಡಿಯಲ್ಲಿ ಪೆಟ್ಟಿಗೆ ಹಾಗೆ ಮಡಿಚಿದ ಒಂದು ಪಟ್ಟಿ, ಅದಕ್ಕೆ ಕ್ಯಾಸಲ್ ರೈಲ್ ಅಂತ ಹೆಸರು. ಸೋಮಾರಿ ಟಿಂಕರಿಂಗ್‌ನವರು ಹೊರಗಿನ ತಗಡೊಂದನ್ನೇ ಹೊಸದು ಬೆಸೆದು ಬಣ್ಣ ಹೊಡೆದು ಕೊಡುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು.

ಶನಿವಾರ ಹೀಗೆ ಮಾಡಿ. ಫ್ರಿಜ್ ಮೇಲೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ಜೇಬಿನಲ್ಲಿಟ್ಟುಕೊಳ್ಳಿ. ಒಂದು ಟಾರ್ಚು, ನೆಲಕ್ಕೆ ಹಾಸಲು ಹಳೇ ಚಾಪೆ. ಹೊಸ್ತಿಲಿನ ಉದ್ದಕ್ಕೂ ಮ್ಯಾಗ್ನೆಟ್ ಎಳೆಯಿರಿ. ಅಂಟದ ಕಡೆ ಪುಟ್ಟಿ ಇದೆ ಅಂತಲೇ ಅರ್ಥ. ಮಲಗಿ ಅಡಿ ನೋಡಿ. ಕ್ಯಾಸಲ್ ರೈಲ್ ಬೇರೆಯಾಗಿ, ಗೆರೆ ಎಳೆದ ಹಾಗೆ ನೇರ ಕಾಣಬೇಕು. ಎಲ್ಲ ಸೇರಿ ಕಪ್ಪು ಟಾರ್ ಬಳಿದ ಮುದ್ದೆಯಾಗಿದ್ದರೆ ಎದ್ದು ಬನ್ನಿ. ಆಮೇಲೆ ಬಾಗಿಲಿನ ಹಿಂದಿನ ಸಂದು ನೋಡಿ. ಮೇಲೆ ಕೆಳಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿದ್ದರೆ ನಡು ಬಿದ್ದಿದೆ. ಮಾಲೀಕರು ಒಪ್ಪಿದರೆ ಹೊಸ್ತಿಲ ಜಾಕ್ ಪಾಯಿಂಟ್‌ಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿಸಿ, ಬಾಗಿಲು ತೆಗೆದು ಹಾಕಿ. ಗಟ್ಟಿ ಗಾಡಿಯಲ್ಲಿ ಬಾಗಿಲಿಗೆ ಏನೂ ಆಗುವುದಿಲ್ಲ. ಟೊಳ್ಳು ಗಾಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅವರು ಜಾಕ್ ಕೊಡಲು ಬಿಡಲಿಲ್ಲ ಅಂದರೆ ಅದೂ ಒಂದು ಉತ್ತರವೇ.

ಹೊಸ್ತಿಲಿಗೆ ಹೊಳೆಯುವ ಸ್ಟೀಲ್ ಕವರ್ ತಿರುಪು ಹಾಕಿ ಕೂರಿಸಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ.

"ಹೊಸ ಟೈರ್" ಅಂದರಲ್ಲ, ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ಓದಿ. 2309 ಅಂತಿದ್ದರೆ ಅದು 2009ರ 23ನೇ ವಾರದ್ದು. ಗೀರು ಆಳ ಇದ್ದರೂ ರಬ್ಬರ್ ಸತ್ತಿರುತ್ತದೆ.

ಇನ್ನೊಂದು. ಗಾಡಿ ನಂಬರ್ ಕೊಟ್ಟರೆ ಹಳೇ ಎಂಒಟಿ (ಇಲ್ಲಿ ವರ್ಷಕ್ಕೊಮ್ಮೆ ಮಾಡುವ ಫಿಟ್‌ನೆಸ್) ಪರೀಕ್ಷೆಗಳ ಇತಿಹಾಸ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. 2018ರ ಮೇ ತಿಂಗಳಿಂದ 40 ವರ್ಷ ದಾಟಿದ ಗಾಡಿಗೆ ಎಂಒಟಿ ಕಡ್ಡಾಯವಲ್ಲ. ಆದರೆ ಅದಕ್ಕೆ ಮುಂಚಿನದು ಓದಿ. "ತುಕ್ಕು" ಅಂತ ಎಷ್ಟು ಸಲ ಬರೆದಿದ್ದಾರೆ ಎಣಿಸಿ.

ಅಂಬಾಸಿಡರ್_ಮಗ · ಮಾರ್ಚ್ 13

ಮಾವ ಬಾಡಿ ಹೇಳಿದರು, ನಾನು ಎಂಜಿನ್ ಹೇಳುತ್ತೇನೆ. ನಮ್ಮಪ್ಪ ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟಿದ್ದರು. ನಾನು ಎಂಜಿಬಿ ಮುಟ್ಟಿದ್ದು ಎರಡೇ ಸಲ, ಬೆಂಗಳೂರಿನಲ್ಲಿ. ಆದರೆ ಬಾನೆಟ್ ಎತ್ತಿದ ಕೂಡಲೇ ನಗು ಬಂತು. ಅದು ನಮ್ಮ ಅಂಬಾಸಿಡರ್ ಎಂಜಿನ್ನಿನ ಅಣ್ಣ!

ತಮಾಷೆಯಲ್ಲ. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಜಿನ್. ಅಂಬಾಸಿಡರ್ ಪೆಟ್ರೋಲ್ 1489 ಸಿಸಿ, ಎಂಜಿಬಿ 1798 ಸಿಸಿ. ಪಿಸ್ಟನ್ ಓಡುವ ಉದ್ದ ಎರಡಕ್ಕೂ 88.9 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಅಗಲ ಮಾತ್ರ ಇದಕ್ಕೆ ದೊಡ್ಡದು, ಅಂಬಾಸಿಡರ್‌ಗೆ 73, ಇದಕ್ಕೆ 80.26. ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, ಫೈರಿಂಗ್ ಆರ್ಡರ್, ಅದೇ 1-3-4-2. ಅಂಬಾಸಿಡರ್ ಹೆಡ್ ಇಳಿಸಿದವನಿಗೆ ಇದು ದೊಡ್ಡಪ್ಪನ ಮನೆಗೆ ಹೋದ ಹಾಗೆ. ಹಂಡೆ ಎಲ್ಲಿದೆ, ಚೊಂಬು ಎಲ್ಲಿದೆ, ಕೇಳಬೇಕಾಗಿಲ್ಲ.

ನೋಡಲು ಹೋಗುವಾಗ "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಮೋಸ. ಬಿಸಿಯಾದ ಮೇಲೆ ಓಡಿಸುವಾಗ ಆಯಿಲ್ ಪ್ರೆಷರ್ ಮುಳ್ಳು 50ರ ಮೇಲೆ ನಿಲ್ಲಬೇಕು. ನಿಂತಲ್ಲಿ 15-20 ಇದ್ದರೂ ಪರವಾಗಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದು, ಮತ್ತೆ ಒತ್ತಿ, ಕನ್ನಡಿಯಲ್ಲಿ ಹೊಗೆ ನೋಡಿ. ನೀಲಿ ಬಂದರೆ ವಾಲ್ವ್ ಗೈಡ್ ಸವೆದಿದೆ. ಅದು ದೊಡ್ಡ ರೋಗವಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ.

ವಾಲ್ವ್ ಒತ್ತುವ ಟ್ಯಾಪೆಟ್ ಟಿಕಟಿಕ ಅಂದರೆ ಹೆದರಬೇಡಿ. ನಮ್ಮಪ್ಪ ಹೇಳುತ್ತಿದ್ದರು, ಟ್ಯಾಪೆಟ್ ಮಾತಾಡುತ್ತಿರಬೇಕು, ಸುಮ್ಮನಾದರೆ ವಾಲ್ವ್ ಸುಡುತ್ತದೆ ಅಂತ.

ಬಿಸಿಲು_ಆಸ್ಟಿನ್ · ಮಾರ್ಚ್ 13

ಎಲ್ಲರೂ ಅವರನ್ನು ಬಾವಿಗೆ ತಳ್ಳುತ್ತಿದ್ದೀರಿ 😄 ನಾನು ಟೆಕ್ಸಾಸ್‌ನಿಂದ ಬರೆಯುತ್ತಿದ್ದೇನೆ. ನನ್ನದು 1992ರ ಮಜ್ದಾ ಮಿಯಾಟಾ. ಸ್ಪ್ಯಾನರ್ ಗೊತ್ತಿಲ್ಲ ಅನ್ನುವವರಿಗೆ ಇದೇ ಸರಿ ಅಲ್ವಾ? ಕಣ್ಣು ತೆರೆದ ಹಾಗೆ ಮೇಲೇಳುವ ಹೆಡ್‌ಲೈಟು, ಒಂದೇ ಕೈಯಲ್ಲಿ ಹಿಂದಕ್ಕೆ ಎಸೆಯಬಹುದಾದ ಟಾಪು. ಸಿಗ್ನಲ್ಲಿನಲ್ಲಿ ನಿಂತಾಗಲೇ ಬಿಚ್ಚಬಹುದು. ಇಂಗ್ಲಿಷ್ ಗಾಡಿಗಳ ಚಂದ ಎಲ್ಲ ಇಟ್ಟುಕೊಂಡು, ಎಣ್ಣೆ ಸೋರುವುದನ್ನು ಬಿಟ್ಟು ಜಪಾನಿನವರು 1989ರಲ್ಲಿ ಮಾಡಿದ ಗಾಡಿ ಇದು. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ ಹಾಕಿಸಿದರೆ ಸಾಕು. ಅಕಸ್ಮಾತ್ ಹರಿದರೂ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ.

ಇದರ ಗುಟ್ಟೂ ಹೊಸ್ತಿಲಿನಲ್ಲೇ ಇದೆ ಅನ್ನಿ. ಟಾಪಿನ ನೀರು ಹೋಗಲು ಸೀಟಿನ ಹಿಂದೆ ಎರಡು ತೂತು ಇವೆ. ಎಲೆ, ಧೂಳು ಕಟ್ಟಿಕೊಂಡರೆ ನೀರು ಹೊಸ್ತಿಲೊಳಗೆ ಇಳಿದು ಅಲ್ಲಿಂದಲೇ ಕೊಳೆಯುತ್ತದೆ. ವರ್ಷಕ್ಕೆರಡು ಸಲ ಮೆತ್ತಗಿನ ಪೈಪ್ ಬಿಟ್ಟು ತೆಗೆಯುತ್ತೇನೆ. ಮಲೆನಾಡಿನ ಮನೆ ದೋಣಿ ಕ್ಲೀನ್ ಮಾಡಿದ ಹಾಗೆಯೇ.

ಸ್ಪ್ಯಾನರ್_ಮಾವ · ಮಾರ್ಚ್ 13

ಮೇಡಂ ಹೇಳಿದ್ದು ಸರಿ. ಮಿಯಾಟಾ ಒಳ್ಳೆಯ ಗಾಡಿ. ಆದರೆ ಎಂಜಿಬಿಗೆ ಒಂದು ಅನುಕೂಲವಿದೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ, ಕೂಪೆ ಸೇರಿಸಿ. ಹಾಗಾಗಿ ಬಾಗಿಲ ಹಿಡಿಯಿಂದ ಹಿಡಿದು ಎಲ್ಲವೂ ಹೊಸದು ಸಿಗುತ್ತದೆ. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹಳೇ ಅಚ್ಚುಗಳಲ್ಲೇ ಪೂರ್ತಿ ಹೊಸ ಬಾಡಿಯನ್ನೇ ಒತ್ತಿ ಮಾರಿದರು. 1992ರ ಗಾಡಿಯ ಒಂದು ಪ್ಲಾಸ್ಟಿಕ್ ಕ್ಲಿಪ್ ಹುಡುಕುವುದಕ್ಕಿಂತ 1972ರ ಗಾಡಿಯ ಫೆಂಡರ್ ಹುಡುಕುವುದು ಸುಲಭ.

(ಹೊಸಬರೇ, ಇಲ್ಲಿ ಯಾರ ಹತ್ತಿರವೂ "ಸ್ಟೆಪ್ನಿ" ಅನ್ನಬೇಡಿ, ಅರ್ಥವಾಗುವುದಿಲ್ಲ. ಮಜಾ ಏನೆಂದರೆ ಆ ಪದ ಹುಟ್ಟಿದ್ದೇ ಈ ದೇಶದಲ್ಲಿ. ವೇಲ್ಸ್‌ನ ಲಾನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ಹೆಚ್ಚುವರಿ ಚಕ್ರ ಮಾಡುವ ಕಂಪನಿ ಇತ್ತು. ಅವರು ಮರೆತರು, ನಾವು ಉಳಿಸಿಕೊಂಡೆವು.)

ಹೊಸಬ_ರೆಡಿಂಗ್ · ಮಾರ್ಚ್ 15

ಹೋಗಿ ಬಂದೆ.

ಗಾಡಿ ಮುಂದೆ ನಿಂತಾಗ ನೀವು ಹೇಳಿದ್ದೆಲ್ಲ ಮರೆತೇ ಹೋಯಿತು, ನಿಜ ಹೇಳುತ್ತೇನೆ. ಅಷ್ಟು ಚಂದ ಇತ್ತು. ಮಾಲೀಕರು ಟೀ ಕೊಟ್ಟರು. ಸೀಟಿನಲ್ಲಿ ಕೂತೆ. ಉದ್ದ ಬಾನೆಟ್, ಆ ಚಿಕ್ಕ ಗಾಜು, ಮುಂದೆ ಎರಡು ದುಂಡು ಮೀಟರು. ಚೆಕ್ ಬುಕ್ ತೆಗೆಯುವುದೊಂದು ಬಾಕಿ.

ಆಮೇಲೆ ಜೇಬಿಗೆ ಕೈ ಹಾಕಿದಾಗ ಮ್ಯಾಗ್ನೆಟ್ ಸಿಕ್ಕಿತು. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೇ ಕಾರು ನೋಡಲು ಹೋದಾಗ ಮಗ ಬೀದಿಯಲ್ಲಿ ಕೊಂಡಿದ್ದ ಆನೆ ಮ್ಯಾಗ್ನೆಟ್. ಎಡಗಡೆ ಹೊಸ್ತಿಲಿಗೆ ಇಟ್ಟೆ, ಅಂಟಿತು. ಒಂದು ಗೇಣು ಹಿಂದಕ್ಕೆ ತಂದೆ. ಆನೆ ಟಪ್ಪಂತ ನೆಲಕ್ಕೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಮಾಲೀಕರು ಟೀ ಲೋಟ ಒಳಗೆ ತೆಗೆದುಕೊಂಡು ಹೋದರು.

ಜಾಕ್ ಕೊಡಬಹುದಾ ಅಂದೆ. "ಬಣ್ಣ ಹಾಳಾಗುತ್ತದೆ" ಅಂದರು. ಟೈರ್ ಅಂಕಿ 4107. ಬಾನೆಟ್ ಬೆಚ್ಚಗಿತ್ತು. ರಿವರ್ಸ್ ಹಾಕಿದಾಗ ಹಿಂದಿನ ಚಕ್ರದಲ್ಲಿ ಟಕ್ ಅಂತ ಸದ್ದು ಬಂತು.

ಬೇಡ ಅಂದು ಬಂದೆ. ಮನೆಗೆ ಬರುವವರೆಗೂ ಬೇಜಾರು.

ಸ್ಪ್ಯಾನರ್_ಮಾವ · ಮಾರ್ಚ್ 15

ಆನೆಗೆ ಬೆಲ್ಲ ಕೊಡಿ.

ಆ ಟಕ್ ಸದ್ದು ಕಡ್ಡಿ ಚಕ್ರದ ಒಳಹಲ್ಲು ಸವೆದದ್ದಿರಬೇಕು. ಚಕ್ರ ಹಬ್ಬಿನ ಹಲ್ಲುಗಳ ಮೇಲೆ ಕೂರುತ್ತದೆ, ನಡುವೆ ಒಂದೇ ದೊಡ್ಡ ನಟ್. ಆ ನಟ್ ಸಡಿಲ ಬಿಟ್ಟು ಓಡಿಸಿದರೆ ಹಲ್ಲು ಚೂಪಾಗುತ್ತದೆ. ಆಗ ಚಕ್ರ, ಹಬ್ ಎರಡೂ ಹೊಸದು ಬೇಕು. ನಾಲ್ಕೂ ಕಡೆ ಅಂದರೆ ಸಾವಿರ ಪೌಂಡ್ ದಾಟುತ್ತದೆ. ತಾಮ್ರದ ಸುತ್ತಿಗೆ ಇಟ್ಟುಕೊಂಡು ಆಗಾಗ ನಟ್ ಬಿಗಿ ನೋಡಬೇಕು. ಹಲ್ಲಿಗೆ ಗ್ರೀಸ್ ಹಚ್ಚಬೇಕು. ಕಡ್ಡಿ ತೊಳೆಯುವುದು ಬೇರೆ. ನನ್ನನ್ನು ಕೇಳಿದರೆ ಸಾದಾ ಸ್ಟೀಲ್ ಚಕ್ರದ ಗಾಡಿಯೇ ಮೊದಲ ಗಾಡಿಗೆ ಸರಿ.

ಸಾಸಿವೆ ಬಣ್ಣದ್ದು, ಕಂದು ಬಣ್ಣದ್ದು ಹುಡುಕಿ. ಆ ಕಾಲದ ವಿಚಿತ್ರ ಬಣ್ಣದವು ಯಾರಿಗೂ ಬೇಡ. ಹಾಗಾಗಿ ಬೆಲೆ ಕಡಿಮೆ, ಯಾರೂ ಮೇಲೆ ಮೇಲೆ ಬಳಿದು ಮುಚ್ಚಿರುವುದಿಲ್ಲ.

ಯಾಕ್ರೀ_ಬೇಕು · ಮಾರ್ಚ್ 16

ನಾನು ಹೇಳಿದ್ದೆ.

ಹೊಸಬ_ರೆಡಿಂಗ್ · ಜೂನ್ 2

ತಗೊಂಡೆ! ಮಾವ ಹೇಳಿದ ಹಾಗೇ ಸಾಸಿವೆ ಬಣ್ಣ. ಹಾರ್ವೆಸ್ಟ್ ಗೋಲ್ಡ್ ಅಂತ ಹೆಸರು. ಅದೂ 1973ರದ್ದೇ. ಬಣ್ಣ ಅಲ್ಲಲ್ಲಿ ಹೋಗಿದೆ. ಟಾಪಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಒಡೆದಿದೆ. ಡ್ರೈವರ್ ಸೀಟಿನಲ್ಲಿ ಸ್ಪಂಜಿಗಿಂತ ಗಾಳಿಯೇ ಜಾಸ್ತಿ. ಆದರೆ ಹಿಂದಿನ ಮಾಲೀಕರು ಹೊಸ್ತಿಲು ಮೂರೂ ಪದರ ಬದಲಿಸಿದ ಫೋಟೋಗಳ ಆಲ್ಬಮ್ ಇಟ್ಟಿದ್ದರು. ಯಾವ ತಗಡು ಕತ್ತರಿಸಿದರು, ಎಲ್ಲಿ ಬೆಸೆದರು ಎಲ್ಲ ಇದೆ. ಆನೆ ಎಲ್ಲ ಕಡೆ ಅಂಟಿತು. ಜಾಕ್ ಅವರೇ ತಂದುಕೊಟ್ಟರು. 7,200 ಪೌಂಡ್.

ಮನೆಯವಳು ನೋಡಿ "ಅರಿಶಿನ ನೀರು ಚೆಲ್ಲಿದ ಹಾಗಿದೆ" ಅಂದಳು. ಆದರೆ ಒಳಗೆ ಕೂತಳು. ಇಳಿಯಲು ಹತ್ತು ನಿಮಿಷವಾಯಿತು.

ಈಗ ಪ್ರಶ್ನೆಗಳು. ಹೆಡ್‌ಲೈಟ್ ಚಿಮಣಿ ದೀಪದ ಹಾಗಿದೆ. ಒಮ್ಮೊಮ್ಮೆ ಇಂಡಿಕೇಟರ್ ಹಾಕಿದರೆ ಟೈಲ್ ಲ್ಯಾಂಪ್ ಮಿಣುಕುತ್ತದೆ. ಯಾವ ಪೆಟ್ರೋಲ್ ಹಾಕಲಿ?

ಕತ್ತಲೆ_ರಾಯ · ಜೂನ್ 2

ನನ್ನ ಹೆಸರು ನೋಡಿಯೇ ಗೊತ್ತಾಗಿರಬೇಕು. ನ್ಯೂಜೆರ್ಸಿ, 1969ರ ಎಂಜಿಬಿ. ಇವುಗಳಲ್ಲಿ ಬಹುಪಾಲು ಅಮೆರಿಕಕ್ಕೇ ಬಂದವು. ಹಾಗಾಗಿ ಇಲ್ಲಿ ಲೂಕಸ್ (ಈ ಗಾಡಿಗಳ ಕರೆಂಟಿನ ಸಾಮಾನು ಮಾಡಿದ ಕಂಪನಿ) ಬಗ್ಗೆ ಜೋಕಿಗೆ ಬರವಿಲ್ಲ. "ಕತ್ತಲೆಯ ರಾಜಕುಮಾರ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಐವತ್ತು ವರ್ಷ ಮಳೆ, ಉಪ್ಪು ಕುಡಿದ ತಂತಿಯನ್ನು ಒಂದು ದಿನವೂ ಉಜ್ಜದೆ ಬೈದರೆ ಹೇಗೆ?

ನಿಮ್ಮ ಮಿಣುಕು ದೀಪದ ಕಾಯಿಲೆ ಅರ್ತ್. ಹಿಂದಿನ ದೀಪದ ಕಪ್ಪು ತಂತಿ ಬಾಡಿಗೆ ಸರಿಯಾಗಿ ತಾಗುತ್ತಿಲ್ಲ. ಕರೆಂಟು ವಾಪಸ್ ಹೋಗಲು ದಾರಿ ಸಿಗದೆ ಪಕ್ಕದ ಬಲ್ಬಿನೊಳಗೆ ನುಗ್ಗುತ್ತಿದೆ. ಬಿಚ್ಚಿ, ಸ್ಯಾಂಡ್ ಪೇಪರ್ ಹಾಕಿ, ಬಿಗಿ ಮಾಡಿ. ಅಷ್ಟೇ ಕೆಲಸ.

ಬಣ್ಣದ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಕಂದು ತಂತಿಯಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಬಿಳಿ ಅಂದರೆ ಕೀ ತಿರುಗಿಸಿದ ಮೇಲೆ. ಹಸಿರು ಅಂದರೆ ಅದೇ, ಫ್ಯೂಸ್ ದಾಟಿ ಬಂದದ್ದು. ನೇರಳೆ ಅಂದರೆ ಯಾವಾಗಲೂ ಇರುವುದು, ಫ್ಯೂಸ್ ದಾಟಿದ್ದು. ಕೆಂಪು ಸೈಡ್ ಲೈಟ್, ನೀಲಿ ಹೆಡ್‌ಲೈಟ್, ಕಪ್ಪು ಅರ್ತ್. ಇದು ಗೊತ್ತಾದರೆ ವೈರಿಂಗ್ ನಕ್ಷೆ ಕಥೆ ಪುಸ್ತಕದ ಹಾಗೆ ಓದಬಹುದು. ಕಂದು ತಂತಿಗೆ ಫ್ಯೂಸ್ ಇಲ್ಲ. ಕೈ ಹಾಕುವ ಮುಂಚೆ ಬ್ಯಾಟರಿ ಬಿಚ್ಚಿ!

ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋಗಿ ಬರುತ್ತದೆ. ದಾರಿಯಲ್ಲೇ ಸಾಕಷ್ಟು ಶಕ್ತಿ ಸೋರುತ್ತದೆ. ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್) ಹಾಕಿ. ಅದೇ ಬಲ್ಬ್ ಬೇರೆ ಬಲ್ಬ್ ಆಗುತ್ತದೆ.

ನಿಮ್ಮದು 1973 ಅಂದರೆ ನೆಗೆಟಿವ್ ಅರ್ತ್, ಬ್ಯಾಟರಿಯ ಮೈನಸ್ ತುದಿ ಬಾಡಿಗೆ. ಬದುಕಿದಿರಿ. 1967ರವರೆಗಿನ ಗಾಡಿಗಳು ಪಾಸಿಟಿವ್ ಅರ್ತ್. ಸ್ನೇಹಿತನೊಬ್ಬ ಗೊತ್ತಿಲ್ಲದೆ ಅಂಥ ಗಾಡಿಗೆ ಹೊಸ ರೇಡಿಯೋ ಕೂರಿಸಿದ. ಒಂದು ಹಾಡೂ ಬರಲಿಲ್ಲ, ಹೊಗೆ ಬಂತು.

ಇನ್ನು ಪಾಯಿಂಟ್ (ಪ್ಲಗ್ಗಿಗೆ ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸಂಪರ್ಕ) ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೇ ಅಡಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ಅಂಬಾಸಿಡರ್_ಮಗ · ಜೂನ್ 3

ರಾಯರೇ, ಇಲ್ಲಿ ಮಾತ್ರ ನಾನು ಒಪ್ಪಲ್ಲ. ಎಲೆಕ್ಟ್ರಾನಿಕ್ ಕೆಟ್ಟರೆ ಒಮ್ಮೆಗೇ ಕೆಡುತ್ತದೆ. ರಸ್ತೆ ಬದಿ ಕೂತು ನಕ್ಷತ್ರ ಎಣಿಸಬೇಕು. ಡೆಲ್ಕೋ (ನಮ್ಮ ಕಡೆ ಡಿಸ್ಟ್ರಿಬ್ಯೂಟರಿಗೆ ಹೆಸರು) ಪಾಯಿಂಟ್ ಹಾಗಲ್ಲ, ನಾಲ್ಕು ದಿನ ಮೊದಲೇ ಕೆಮ್ಮಿ ಹೇಳುತ್ತದೆ. ಬೆಂಕಿಪೊಟ್ಟಣದ ಬದಿಯ ಪಟ್ಟಿ ಹರಿದು ನಡುವೆ ಇಟ್ಟು ಉಜ್ಜಿದರೆ ಮನೆ ತಲುಪಬಹುದು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಾಗ ವಿಸಿಟಿಂಗ್ ಕಾರ್ಡ್ ಇಟ್ಟು ಸೆಟ್ ಮಾಡಿ ನಮ್ಮಪ್ಪ ಎಷ್ಟು ಟ್ಯಾಕ್ಸಿ ಕಳಿಸಿಲ್ಲ! ಸರಿಯಾದ ಲೆಕ್ಕ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಪಾಲು.

ಟ್ಯಾಪೆಟ್ಟಿಗೂ ಅದೇ 15. ಒಂಬತ್ತರ ಲೆಕ್ಕ ಹೇಳಿಕೊಡುತ್ತೇನೆ, ಬರೆದುಕೊಳ್ಳಿ. ಎಂಟು ವಾಲ್ವ್ ಇವೆ. ಮುಂದಿನಿಂದ ಒಂದು, ಎರಡು ಅಂತ ಎಣಿಸಿ. 8ನೇ ವಾಲ್ವ್ ಪೂರ್ತಿ ಕೆಳಗೆ ಹೋದಾಗ 1ನೆಯದನ್ನು ಸೆಟ್ ಮಾಡಿ. 6 ಕೆಳಗಿದ್ದರೆ 3. ಎರಡೂ ಸೇರಿ ಯಾವಾಗಲೂ ಒಂಬತ್ತು ಆಗಬೇಕು. ಪ್ಲಗ್ ನಾಲ್ಕೂ ಬಿಚ್ಚಿಟ್ಟುಕೊಂಡರೆ ಎಂಜಿನ್ ಕೈಯಲ್ಲೇ ತಿರುಗುತ್ತದೆ.

ಕತ್ತಲೆ_ರಾಯ · ಜೂನ್ 3

ಎಲೆಕ್ಟ್ರಾನಿಕ್ ಹಾಕಿ, ಹಳೇ ಪಾಯಿಂಟ್ ಸೆಟ್ಟನ್ನು ಡಿಕ್ಕಿಯಲ್ಲಿಡಿ. ಜಗಳ ಮುಗಿಯಿತು. ಒಂದು ವಿಷಯದಲ್ಲಿ ನಿಮ್ಮ ಕಡೆಯೇ: ಈಗಿನ ಅಗ್ಗದ ಕಂಡೆನ್ಸರ್, ರೋಟರ್ ನಂಬಬೇಡಿ. ರೋಟರಿನ ಹಿತ್ತಾಳೆ ಪಟ್ಟಿಗೆ ರಿವೆಟ್ ಹೊಡೆದದ್ದಾದರೆ ಕಿಡಿ ಅದರ ಮೂಲಕವೇ ಒಳಗೆ ಇಳಿದುಬಿಡುತ್ತದೆ. ರಿವೆಟ್ ಇಲ್ಲದ ಕೆಂಪು ರೋಟರ್ ಸಿಗುತ್ತದೆ, ಅದನ್ನೇ ಹಾಕಿ.

ಸ್ಪ್ಯಾನರ್_ಮಾವ · ಜೂನ್ 4

ಪೆಟ್ರೋಲ್ ಪ್ರಶ್ನೆ ಯಾರೂ ಮುಟ್ಟಲಿಲ್ಲ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ10, ನೂರಕ್ಕೆ ಹತ್ತರವರೆಗೆ ಎಥನಾಲ್. ಹಳೇ ರಬ್ಬರ್ ಪೈಪನ್ನು ಅದು ತಿನ್ನುತ್ತದೆ. ನೀರನ್ನೂ ಎಳೆದುಕೊಳ್ಳುತ್ತದೆ. ನೀವು ಸೂಪರ್ ಹಾಕಿಸಿ, ಸಾಮಾನ್ಯವಾಗಿ ಅದು ಇ5 ಇರುತ್ತದೆ, ಪಂಪಿನ ಮೇಲೆ ಓದಿ. ಏನೇ ಹಾಕಿದರೂ ರಬ್ಬರ್ ಪೈಪ್ ಎಲ್ಲ ಆರ್9 ಅಂತ ಅಚ್ಚಿರುವುದಕ್ಕೆ ಬದಲಿಸಿ. ಬಿಸಿ ಎಗ್ಜಾಸ್ಟ್ ಪಕ್ಕದಲ್ಲೇ ಕಾರ್ಬೊರೇಟರ್ ಇದೆ. ಇಲ್ಲಿ ಜಿಪುಣತನ ಬೇಡ.

ಆಯಿಲ್ 20ಡಬ್ಲ್ಯೂ-50, ಹಳೇ ಗಾಡಿಗೆ ಅಂತಲೇ ಮಾಡಿದ್ದು. ಮುಂದಿನ ಚಕ್ರ ಎಡ-ಬಲ ತಿರುಗುವ ಕಿಂಗ್ ಪಿನ್ ನಿಪ್ಪಲ್ಲಿಗೆ 3,000 ಮೈಲಿಗೊಮ್ಮೆ ಗ್ರೀಸ್. ಗಾಡಿ ಓಡಲಿಲ್ಲ ಅಂದರೂ ವರ್ಷಕ್ಕೊಮ್ಮೆ. ಎರಡು ಎಸ್‌ಯು ಕಾರ್ಬೊರೇಟರಿನ ಮೇಲೆ ಕಪ್ಪು ತಿರುಪು ಮುಚ್ಚಳ ಇದೆಯಲ್ಲ, ಬಿಚ್ಚಿ ಎಣ್ಣೆ ನೋಡಿ. ಅದು ಒಣಗಿದರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ. ಜನ ಸುಮ್ನೆ ಇಡೀ ಕಾರ್ಬೊರೇಟರ್ ಬಿಚ್ಚಿ ಹಾಕುತ್ತಾರೆ. ಎರಡು ಚಮಚ ಎಣ್ಣೆಯ ಕೆಲಸ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ.

ಎಂಒಟಿ ಬೇಡ ಅಂದರೂ ನಾನು ಪ್ರತಿ ವರ್ಷ ಮಾಡಿಸುತ್ತೇನೆ. ಇನ್ನೊಬ್ಬರ ಕಣ್ಣು ಬೇಕು. ರೋಡ್ ಟ್ಯಾಕ್ಸ್ ಸೊನ್ನೆ, ಆದರೆ ಪ್ರತಿ ವರ್ಷ ಸೊನ್ನೆ ಕಟ್ಟಲು ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಮಾಡಿಸುವಾಗ ಗಾಡಿ ಬೆಲೆ ಇಷ್ಟು ಅಂತ ಮೊದಲೇ ಒಪ್ಪಿಸಿ ಬರೆಸಿಕೊಳ್ಳಿ.

ಮಳೆಗಾಲ_ಮಂಗಳೂರು · ಜೂನ್ 6

ಟಾಪಿನ ಬಗ್ಗೆ ನಾನು ಹೇಳಬಲ್ಲೆ, ನಾಲ್ಕು ತಿಂಗಳ ಮಳೆ ನೋಡಿದವನು ಮಾರಾಯ್ರೆ. ಒದ್ದೆ ಟಾಪು ಯಾವತ್ತೂ ಮಡಚಬೇಡಿ. ಮಡಚುವಾಗ ಪ್ಲಾಸ್ಟಿಕ್ ಕಿಟಕಿಯ ನಡುವೆ ಹಳೇ ಪಂಚೆ ಇಡಿ. ತಿಂಗಳುಗಟ್ಟಲೆ ಮಡಚಿಟ್ಟರೆ ರೆಕ್ಸಿನ್ ಕುಗ್ಗುತ್ತದೆ, ಆಮೇಲೆ ಎಷ್ಟು ಎಳೆದರೂ ಮುಂದಿನ ಗಾಜಿನ ಚೌಕಟ್ಟಿಗೆ ಮುಟ್ಟುವುದಿಲ್ಲ. ಗಾಡಿ ನಿಂತಿರುವಾಗ ಟಾಪು ಏರಿಸಿಯೇ ಇರಲಿ. ಕಾರ್ಪೆಟ್ ಒದ್ದೆಯಾದರೆ ಅವತ್ತೇ ಎತ್ತಿ ಒಣಗಿಸಿ. ನೆಲದ ತಗಡು ಮೇಲಿನಿಂದಲೇ ಕೊಳೆಯುವುದು. ಟಾರ್ಪಾಲು ಹೊದಿಸಬೇಡಿ, ಒಳಗೆ ಬೆವರುತ್ತದೆ.

ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್, 1966. ಅದಕ್ಕೆ ಬೇರೆ ಚಾಸಿ ಇದೆ, ರೂಫನ್ನು ಬೋಲ್ಟಿನಲ್ಲಿ ಕೂರಿಸಿದ್ದಾರೆ. ಹಾಗಾಗಿ ಬಿಚ್ಚಿ ಬಿಸಾಡಿ "ಕನ್ವರ್ಟಿಬಲ್" ಅಂತ ಮಾರುವವರಿದ್ದಾರೆ. ಊರಲ್ಲಿ ಕೊಳ್ಳುವವರು ಹುಷಾರು. ನಮ್ಮಲ್ಲಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಎ ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ಆದರೆ ದಿನಾ ಆಫೀಸಿಗೆ ಓಡಿಸುವಂತಿಲ್ಲ. ಪ್ರದರ್ಶನ, ರ್ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೆ ಮಾತ್ರ. ಮೊದಲೇ ನೋಂದಣಿ ಇದ್ದರೆ ಹಳೇ ನಂಬರೇ ಉಳಿಸಿಕೊಳ್ಳಬಹುದು. ನಾನು ಹಾಗೇ ಇಟ್ಟುಕೊಂಡಿದ್ದೇನೆ. ಪೆಟ್ರೋಲ್ ಇಲ್ಲಿ ಈಗ ಇ20. ನಿಮ್ಮ ಇ10 ಚಿಂತೆ ಓದಿ ನಗು ಬಂತು.

ಬಿಸಿಲು_ಆಸ್ಟಿನ್ · ಜೂನ್ 6

ನಾನು ಮಿಯಾಟಾ ಟಾಪು ಸಿಗ್ನಲ್ಲಿನಲ್ಲಿ... ಸರಿ ಬಿಡಿ, ಸುಮ್ನಿರ್ತೀನಿ.

ಹೊಸಬ_ರೆಡಿಂಗ್ · ಜುಲೈ 20

ಇವತ್ತು ಮೊದಲ ದೊಡ್ಡ ಓಟ. ಗಾಡಿ ಹುಟ್ಟಿದ ಊರು ಆಬಿಂಗ್ಡನ್‌ಗೆ. ಎ4074 ರಸ್ತೆಯಲ್ಲಿ ವಾಲಿಂಗ್‌ಫರ್ಡ್ ಮೇಲೆ. ಟಾಪು ಬಿಚ್ಚಿತ್ತು. ಮನೆಯವಳು ತಲೆಗೆ ದುಪಟ್ಟಾ ಸುತ್ತಿಕೊಂಡು ಪಕ್ಕದಲ್ಲಿ. ಹುಲ್ಲು ಕೊಯ್ದ ವಾಸನೆ, ಯಾರದೋ ಮನೆಯ ಅಡುಗೆ ವಾಸನೆ, ಸಗಣಿ ವಾಸನೆ ಎಲ್ಲ ನೇರ ಮೂಗಿಗೆ. ಅವಳು "ಹಾಸನದಲ್ಲಿ ಅಪ್ಪನ ಸ್ಕೂಟರ್ ಮುಂದೆ ನಿಂತ ಹಾಗಿದೆ" ಅಂದಳು. ಓವರ್‌ಡ್ರೈವ್ ಸ್ವಿಚ್ ತಟ್ಟಿದೆ. ಎಂಜಿನ್ ಸದ್ದು ತಗ್ಗಿ, ಆರ್‌ಪಿಎಂ ಮೀಟರ್ 70 ಮೈಲಿಯಲ್ಲಿ ಮೂರು ಸಾವಿರದ ಸ್ವಲ್ಪ ಮೇಲೆ ನಿಂತಿತು. ಅದಿಲ್ಲದೆ ನಾಲ್ಕು ಸಾವಿರದ ಹತ್ತಿರ ಅರಚುತ್ತಿತ್ತು.

ಕ್ಲಿಫ್ಟನ್ ಹ್ಯಾಂಪ್ಡನ್ ಸೇತುವೆ ಹತ್ತಿರ ಗಾಡಿ ಕೊಸರಾಡಿತು, ನಿಂತಿತು. ಕೀ ತಿರುಗಿಸಿದೆ. ಎಂಜಿನ್ ಹೊತ್ತಲಿಲ್ಲ. ಸ್ಟಾರ್ಟರ್ ತಿರುಗುತ್ತಿತ್ತು, ಆದರೆ ದಿನಾ ಹಿಂದಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಬರುವ ಪೆಟ್ರೋಲ್ ಪಂಪಿನ ಟಿಕ್ ಟಿಕ್ ಇರಲಿಲ್ಲ. ಮಾವನಿಗೆ ಫೋನ್ ಮಾಡಿದೆ. "ಬಲಗಡೆ ಹಿಂದಿನ ಚಕ್ರದ ಮುಂದೆ, ಅಡಿಯಲ್ಲಿ ಕೈ ಹಾಕು. ಡಬ್ಬಿ ಹಾಗೆ ಇದೆ. ಏನಾದರೂ ತಗೊಂಡು ಮೆಲ್ಲಗೆ ಕುಟ್ಟು" ಅಂದರು. ಚಕ್ರದ ಸ್ಪ್ಯಾನರ್ ಡಿಕ್ಕಿಯಲ್ಲಿ ಊಟದ ಬುಟ್ಟಿ ಕೆಳಗೆ. ಮನೆಯವಳು ಚಪ್ಪಲಿ ತೆಗೆದುಕೊಟ್ಟಳು. ಎರಡು ಏಟು. ಟಿಕ್. ಟಿಕ್ ಟಿಕ್ ಟಿಕ್.

ಆಬಿಂಗ್ಡನ್‌ನಲ್ಲಿ ಕಾರ್ಖಾನೆ ಇಲ್ಲ. 1980ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಎಂಜಿ ಕಾರ್ ಕ್ಲಬ್ಬಿನ ಮನೆ ನೋಡೋಣ ಅಂತ ವಿಳಾಸ ಹುಡುಕಿದರೆ ಸಿಮೆಟರಿ ರಸ್ತೆ ಅಂತಿದೆ. "ಸ್ಮಶಾನದ ರಸ್ತೆಗೇ ಕರ್ಕೊಂಡು ಬಂದ್ರಲ್ಲ" ಅಂತ ನಕ್ಕಳು. ಬಾಗಿಲು ಹಾಕಿತ್ತು. ಹೊರಗೆ ಗಾಡಿ ನಿಲ್ಲಿಸಿ ಫೋಟೋ ತೆಗೆದೆವು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜ ಒಬ್ಬರು ನಿಂತು, ಬಾನೆಟ್ ಮೇಲೆ ಕೈ ಇಟ್ಟು, ಏನೂ ಹೇಳದೆ ಹೋದರು.

ಯಾಕ್ರೀ_ಬೇಕು · ಜುಲೈ 20

ಮಳೆ ಬರಲಿಲ್ವಾ?

ಹೊಸಬ_ರೆಡಿಂಗ್ · ಜುಲೈ 20

ಬಂತು. ವಾಪಸ್ ಬರುವಾಗ. ಟಾಪು ಏರಿಸಲು ನಾಲ್ಕು ನಿಮಿಷ ಬೇಕಾಯಿತು, ಅಷ್ಟರಲ್ಲಿ ನಿಂತೇ ಹೋಯಿತು.

ಸ್ಪ್ಯಾನರ್_ಮಾವ · ಜುಲೈ 21

ಪಂಪಿನ ಒಳಗೂ ಪಾಯಿಂಟ್ ಇದೆ, ಅದು ಸುಟ್ಟಿದೆ. ಚಪ್ಪಲಿ ಏಟು ಹೆಚ್ಚೆಂದರೆ ಒಂದು ತಿಂಗಳು ತಡೆಯುತ್ತದೆ. ಮುಂದಿನ ಭಾನುವಾರ ಬಿಚ್ಚಿ ತಗೊಂಡು ಲೆಸ್ಟರ್‌ಗೆ ಬನ್ನಿ, ಇಬ್ಬರೂ ಕೂತು ಮಾಡೋಣ. ಬರುವಾಗ ನನ್ನ ಗ್ರೀಸ್ ಗನ್ ತನ್ನಿ. ಕಾರ್ಪೆಟ್ ಎತ್ತಿ ಒಣಗಿಸಿದಿರಾ?